ಜನಪ್ರಿಯ ಇತಿಹಾಸ ಗ್ರಂಥಗಳು: ಬ್ರಿಟಿಷರು ಮತ್ತು ಕಲಬುರಗಿ ಸೀಮೆ

ಬ್ರಿಟಿಷರ ಕಾಲದ ಭಾರತವನ್ನು ಕಥೆಯಂತೆ ಓದಿಸಿಕೊಂಡು ಹೋಗುವ ಇಂಗ್ಲಿಷ್ ಇತಿಹಾಸ ಗ್ರಂಥಗಳು 2000ರ ಈಚೆಗೆ ಹಲವು ಬಂದಿವೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ ಸೀಮೆಯ ಓದುಗರಿಗೆ ಇವುಗಳಲ್ಲಿ ಹೆಚ್ಚು ಹತ್ತಿರವಾದುದು ವಿಲಿಯಂ ಡಾಲ್ರಿಂಪಲ್ ಬರೆದ 'ವೈಟ್ ಮುಘಲ್ಸ್' (2002). ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟ್ ಜೇಮ್ಸ್ ಕರ್ಕ್‌ಪ್ಯಾಟ್ರಿಕ್ ಮತ್ತು ಖೈರುನ್ನೀಸಾ ದಂಪತಿಯ ಕಥೆ ಅದು. ಅದರಲ್ಲಿ ಬರುವ ಪಾಮರ್ ಮನೆತನದ ಜಾಡು ಹಿಡಿದರೆ ಈ ಸೀಮೆಯ ಸುರಪುರ ಸಂಸ್ಥಾನ ಸಿಗುತ್ತದೆ: ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು ಮೇರಿಯನ್ನು ಮದುವೆಯಾದವನು ಫಿಲಿಪ್ ಮೆಡೋಸ್ ಟೇಲರ್ (1808–1876).

ಲಿವರ್‌ಪೂಲಿನಲ್ಲಿ ಹುಟ್ಟಿದ ಟೇಲರ್ ಹದಿನೈದನೆಯ ವಯಸ್ಸಿಗೆ ಮುಂಬಯಿಗೆ ಬಂದು, ನಿಜಾಮನ ಸೇನೆ ಸೇರಿದ. ಸುರಪುರದ ರಾಜ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಸಂಸ್ಥಾನದ ಆಡಳಿತಕ್ಕೆಂದು ಬಂದ ಟೇಲರ್ 1853ರವರೆಗೂ ಅಲ್ಲಿದ್ದ. ಹುಡುಗ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. 1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದ. ಸೋತು ಹೈದರಾಬಾದಿಗೆ ಹೋದಾಗ ನಿಜಾಮನ ದಿವಾನ ಸಾಲಾರ್ ಜಂಗನ ಆಡಳಿತ ಅವನನ್ನು ಹಿಡಿದು ಒಪ್ಪಿಸಿತು. ಮರಣದಂಡನೆ ಇಳಿದು ನಾಲ್ಕು ವರ್ಷಗಳ ಸೆರೆಯಾಯಿತು. ಮದ್ರಾಸ್ ಬಳಿಯ ಚೆಂಗಲ್ಪಟ್ಟಿಗೆ ಕರೆದೊಯ್ಯುವ ದಾರಿಯಲ್ಲಿ, ಕಾವಲು ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಅವನು ಸತ್ತ. ಇಪ್ಪತ್ತನಾಲ್ಕನೆಯ ವರ್ಷ ದಾಟುವುದಿಲ್ಲವೆಂದು ಜೋಯಿಸರು ಹೇಳಿದ್ದರೆಂಬ ಮಾತನ್ನೂ ಟೇಲರ್ ಬರೆದಿಟ್ಟಿದ್ದಾನೆ.

ಈ ವಿವರಗಳಲ್ಲಿ ಬಹುಪಾಲು ನಮಗೆ ದೊರೆಯುವುದು ಟೇಲರನ ಆತ್ಮಕಥೆ 'ದಿ ಸ್ಟೋರಿ ಆಫ್ ಮೈ ಲೈಫ್'ನಿಂದ (1877). ಮಗಳು ಆಲಿಸ್ ಸಂಪಾದಿಸಿದ ಈ ಪುಸ್ತಕ ಇಂದಿನ ಯಾವ ಜನಪ್ರಿಯ ಇತಿಹಾಸಕ್ಕೂ ಕಡಿಮೆಯಿಲ್ಲದಂತೆ ಓದಿಸಿಕೊಳ್ಳುತ್ತದೆ. ಆದರೆ ಬರೆದವನು ರಾಜನನ್ನು ನಿಜವಾಗಿ ಪ್ರೀತಿಸಿದ್ದರೂ ಅವನನ್ನು ಸೋಲಿಸಿದ ಪಕ್ಷದವನೇ. ವೆಂಕಟಪ್ಪನ ತಾಯಿ ರಾಣಿ ಈಶ್ವರಮ್ಮನ ರೋಷವಾಗಲಿ, ನಾಡ ಬೇಡರ ಅಳಲಾಗಲಿ ನಮ್ಮನ್ನು ಮುಟ್ಟುವುದು ಅವನ ಮಾತಿನ ಮೂಲಕ. ಪುಸ್ತಕವನ್ನು ಮೆಚ್ಚುವವರು ಇದನ್ನು ಮರೆಯಬಾರದು.

ಹೊಸ ಗ್ರಂಥಗಳು ಈ ಕೊರತೆಯನ್ನು ತುಂಬುವುದಿಲ್ಲ. 'ವೈಟ್ ಮುಘಲ್ಸ್'ನ ಕಥೆ ನಡೆಯುವುದು 1800ರ ಆಸುಪಾಸಿನಲ್ಲಿ. ಡಾಲ್ರಿಂಪಲ್‌ರದೇ 'ದಿ ಅನಾರ್ಕಿ' (2019) 1803ಕ್ಕೆ ನಿಲ್ಲುತ್ತದೆ; 1857ನ್ನು ಹೇಳುವ 'ದಿ ಲಾಸ್ಟ್ ಮುಘಲ್' (2006) ದೆಹಲಿಯದು. ಮೈಕ್ ಡ್ಯಾಶ್ ಬರೆದ 'ಥಗ್' (2005) ದಾರಿಹೋಕರನ್ನು ಕೊಂದು ದೋಚುತ್ತಿದ್ದ ಠಕ್ಕರ ಕುರಿತದ್ದು. ಅದೇ ವಸ್ತುವನ್ನು ಟೇಲರ್ 1839ರಲ್ಲೇ 'ಕನ್ಫೆಷನ್ಸ್ ಆಫ್ ಎ ಥಗ್' ಕಾದಂಬರಿಯಲ್ಲಿ ತಂದಿದ್ದ. ಮನು ಪಿಳ್ಳೈ ಅವರ 'ರೆಬೆಲ್ ಸುಲ್ತಾನ್ಸ್' (2018) 1347ರಲ್ಲಿ ಕಲಬುರಗಿಯಿಂದ ಆಳತೊಡಗಿದ ಬಹಮನಿ ಸುಲ್ತಾನರನ್ನು ಕಾಣಿಸಿದರೂ ಅದರ ಕಾಲವೇ ಬೇರೆ.

ಟೇಲರನ ಇನ್ನೊಂದು ಕೆಲಸ ಇಲ್ಲಿನ ನೆಲದ್ದು. ಜೇವರ್ಗಿ, ರಾಜನಕೋಳೂರು ಮೊದಲಾದ ಕಡೆಗಳ ಬೃಹತ್ ಶಿಲಾ ಸಮಾಧಿಗಳನ್ನು ಅವನು ಪರಿಶೀಲಿಸಿ, ಅಗೆಸಿ, ವರದಿ ಬರೆದ. ದಖ್ಖನಿನ ಪ್ರಾಗಿತಿಹಾಸದ ಅಧ್ಯಯನದಲ್ಲಿ ಅವು ಮೊದಮೊದಲ ದಾಖಲೆಗಳು. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆಯನ್ನು ಜನ ಟೇಲರ್ ಮಂಜಿಲ್ ಎನ್ನುತ್ತಾರೆ. ಹಿಂದೆ ಕಲಬುರಗಿ ಜಿಲ್ಲೆಗೆ ಸೇರಿದ್ದ ಸುರಪುರ ಈಗ ಯಾದಗಿರಿ ಜಿಲ್ಲೆಯಲ್ಲಿದೆ.