ಭಾರತೀಯ ಮಿದುಳಿನ ಮಾದರಿ ನಕ್ಷೆಗಳು

ಭಾರತೀಯರ ಮಿದುಳಿನ ಎಂಆರ್‌ಐ ಚಿತ್ರಗಳನ್ನು ಗಣಕಯಂತ್ರದ ನೆರವಿನಿಂದ ಒಂದಕ್ಕೊಂದು ಹೊಂದಿಸಿ, ಅವುಗಳ ಸರಾಸರಿಯಿಂದ ರೂಪಿಸಿದ ಅಂಗರಚನಾ ನಕ್ಷೆಗಳ ಸರಣಿ. ಬೆಂಗಳೂರಿನ ನಿಮ್ಹಾನ್ಸ್‌ನ ಭರತ್ ಹೊಳ್ಳ, ವಿವೇಕ್ ಬೆನೆಗಲ್ ಮೊದಲಾದ ಸಂಶೋಧಕರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರೊಡಗೂಡಿ ಸಿದ್ಧಪಡಿಸಿದ ಇವುಗಳ ವಿವರ 2020ರಲ್ಲಿ ಪ್ರಕಟವಾಯಿತು. ಆರರಿಂದ ಅರವತ್ತು ವರ್ಷದೊಳಗಿನ 466 ಜನರ ಚಿತ್ರಗಳನ್ನು ಬಳಸಿ, 6–11, 12–18, 19–25, 26–40 ಮತ್ತು 41–60 ವಯಸ್ಸಿನ ಗುಂಪುಗಳಿಗೆ ಬೇರೆ ಬೇರೆ ಮಾದರಿಗಳನ್ನು ರಚಿಸಲಾಗಿದೆ.

ಯಾವ ಇಬ್ಬರ ಮಿದುಳೂ ಗಾತ್ರದಲ್ಲಾಗಲಿ ಮಡಿಕೆಗಳಲ್ಲಾಗಲಿ ಒಂದೇ ತೆರನಾಗಿರುವುದಿಲ್ಲವಾದ್ದರಿಂದ, ಅನೇಕರ ಚಿತ್ರಗಳನ್ನು ಹೋಲಿಸಬೇಕಾದಾಗ ಅವೆಲ್ಲವನ್ನೂ ಒಂದು ಸಾಮಾನ್ಯ ಅಳತೆಚೌಕಟ್ಟಿಗೆ ತರುವುದು ಅನಿವಾರ್ಯ. 1988ರಲ್ಲಿ ಪ್ರಕಟವಾಗಿ ಬಹುಕಾಲ ಪ್ರಮಾಣವೆನಿಸಿದ್ದ ಟಾಲೈರಾಕ್ ಮತ್ತು ಟೂರ್ನೂ ಅವರ ನಕ್ಷೆಗೆ ಆಧಾರವಾಗಿದ್ದುದು ಒಬ್ಬ ಮೃತ ಮಹಿಳೆಯ ಮಿದುಳು. ಅನಂತರ ಕೆನಡಾದ ಮಾಂಟ್ರಿಯಲ್ ನರವಿಜ್ಞಾನ ಸಂಸ್ಥೆ ನೂರಾರು ಜನರ ಸರಾಸರಿಯನ್ನು ಒದಗಿಸಿತಾದರೂ, ಅದು ಪಾಶ್ಚಾತ್ಯ ಜನರ ಸರಾಸರಿಯೇ ಆಗಿತ್ತು.

ನಕ್ಷೆಯ ತಯಾರಿಕೆಯಲ್ಲಿ ಮೊದಲು ಪ್ರತಿ ಚಿತ್ರದಿಂದ ತಲೆಬುರುಡೆಯ ಭಾಗವನ್ನು ತೆಗೆದು ಮಿದುಳನ್ನಷ್ಟೇ ಉಳಿಸಿಕೊಳ್ಳಲಾಗುತ್ತದೆ; ಅದನ್ನು ತಿರುಗಿಸಿ, ಹಿಗ್ಗಿಸಿ, ಕುಗ್ಗಿಸಿ ಒಂದು ದಿಕ್ಕಿಗೆ ತಂದ ಮೇಲೆ, ವಾಕ್ಸೆಲ್ ಎನ್ನುವ ಅತಿ ಚಿಕ್ಕ ಘನಾಕಾರದ ಬಿಂದುಗಳ ಮಟ್ಟದಲ್ಲಿ ಮಡಿಕೆಗೆ ಮಡಿಕೆ ಕೂಡುವಂತೆ ಬಾಗಿಸಲಾಗುತ್ತದೆ. ಹೀಗೆ ದೊರೆತ ಸರಾಸರಿಯನ್ನೇ ಹೊಸ ಗುರಿಯಾಗಿಟ್ಟುಕೊಂಡು ಎಲ್ಲ ಚಿತ್ರಗಳನ್ನೂ ಮತ್ತೆ ಹೊಂದಿಸುತ್ತ ಹೋದಂತೆ, ಮೊದಲು ಮಸುಕಾಗಿದ್ದ ಅಂಚುಗಳು ಸ್ಪಷ್ಟವಾಗುತ್ತವೆ. ಒಂದು ಸ್ಥಾನವನ್ನು ಹೆಚ್ಚು ಜನರಲ್ಲಿ ಯಾವ ಭಾಗ ಆಕ್ರಮಿಸಿದೆಯೋ, ಉದಾಹರಣೆಗೆ ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್, ಆ ಭಾಗದ ಹೆಸರನ್ನೇ ನಕ್ಷೆಯಲ್ಲಿ ಅಲ್ಲಿಗೆ ಕೊಡಲಾಗುತ್ತದೆ.

ಮಾಂಟ್ರಿಯಲ್ ಮಾದರಿಗಿಂತ ಈ ಮಾದರಿಗಳಿಗೆ ಹೊಂದಿಸುವಾಗ ಭಾರತೀಯರ ಮಿದುಳಿನ ಚಿತ್ರಗಳು ಕಡಿಮೆ ವಿರೂಪಗೊಳ್ಳುತ್ತವೆ. ಅಳತೆಯ ದೋಷವನ್ನು ರೋಗಲಕ್ಷಣವೆಂದು ಭ್ರಮಿಸುವ ಅಪಾಯವೂ ಅಷ್ಟರಮಟ್ಟಿಗೆ ತಗ್ಗುತ್ತದೆ. ಜನಸಮುದಾಯಗಳ ನಡುವೆ ಮಿದುಳಿನ ಆಕಾರದಲ್ಲಿ ಕಾಣುವ ಸರಾಸರಿ ವ್ಯತ್ಯಾಸದಿಂದ ಯಾವ ಜನಸಮುದಾಯದ ಬುದ್ಧಿಶಕ್ತಿಯನ್ನೂ ಅಳೆಯಲಾಗದು, ಅಂಥ ಅರ್ಥ ಹಚ್ಚುವುದು ತಪ್ಪು. ಸರಣಿಯನ್ನು ಸಂಶೋಧಕರ ಬಳಕೆಗೆ ಮುಕ್ತವಾಗಿ ನೀಡಿರುವುದು ಶ್ಲಾಘನೀಯ.

ಮರೆಗುಳಿ ರೋಗ ಹೆಚ್ಚಾಗಿ ಕಾಣಿಸಿಕೊಳ್ಳುವ, ಅರವತ್ತು ದಾಟಿದ ವಯಸ್ಸಿಗೆ ಈ ಸರಣಿಯಲ್ಲಿ ಮಾದರಿಯಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಆ ವಯಸ್ಸಿನವರೂ ಸೇರಿದಂತೆ 45 ವರ್ಷ ಮೀರಿದ ಗ್ರಾಮೀಣರ ಆರೋಗ್ಯವನ್ನು ದೀರ್ಘಕಾಲ ಗಮನಿಸುವ ಅಧ್ಯಯನವನ್ನು ನಡೆಸುತ್ತಿದ್ದು, ಮಿದುಳಿನ ಎಂಆರ್‌ಐ ಚಿತ್ರಣವೂ ಅದರ ಅಂಗವಾಗಿದೆ.