ದುಡ್ಡು ಕೊಡದ ಕಾಫಿಪುಡಿ

ಮೂಡಿಗೆರೆ ಸುತ್ತಿನ ತೋಟದ ಮನೆಗಳಲ್ಲಿ ಅಂಗಡಿಯಿಂದ ಕಾಫಿಪುಡಿ ತರುವುದೆಂದರೆ ಒಂದು ಕಾಲಕ್ಕೆ ಮರ್ಯಾದೆ ಹೋಗುವ ವಿಚಾರ. ಉಪ್ಪು, ಸೀಮೆಎಣ್ಣೆ, ಒಣಮೀನು ಸಂತೆಯಿಂದ ಬರಲಿ. ಅಕ್ಕಿ ಗದ್ದೆಯದು, ಪುಡಿ ತೋಟದ್ದು. ನಾನು ಕಡೂರಿನ ಬಯಲುಸೀಮೆಯವಳು. ಅಪ್ಪನದು ದಿನಸಿ ಅಂಗಡಿ. ದುಡ್ಡಿಲ್ಲದೆ ಒಂದು ಹಿಡಿ ಕಡಲೆಯೂ ಕೈಗೆ ಬರುವುದಿಲ್ಲ ಎಂದು ತಕ್ಕಡಿ ನೋಡಿಯೇ ಕಲಿತವಳು. ಗೋಣಿಬೀಡಿನ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಹೆಮ್ಮೆಯಿಂದ ಹೇಳಿದ್ದರು: "ನಮ್ಮನೇಲಿ ಕಾಫಿಗೆ ದುಡ್ಡು ಕೊಡೋದಿಲ್ಲ ಕಣೆ."

ಅತ್ತೆಯ ಮಾತಿನ ಹಿಂದೆ ಸರ್ಕಾರದ ಕಾನೂನೊಂದಿತ್ತು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿ ಕಾಫಿ ಕೇಳುವವರಿಲ್ಲದಾಯಿತು. 1940ರಲ್ಲಿ ಬಂದ ಸುಗ್ರೀವಾಜ್ಞೆ 1942ರಲ್ಲಿ ಕಾಯ್ದೆಯಾಯಿತು. ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಹಾಕಬೇಕು. ಮನೆ ಬಳಕೆಗೆ ಮತ್ತು ಬಿತ್ತನೆಗೆ ಬೇಕಾದಷ್ಟು ಮಾತ್ರ ಇಟ್ಟುಕೊಳ್ಳಬಹುದು. ಹಣ ಬರುತ್ತಿದ್ದದ್ದು ಕಂತಿನಲ್ಲಿ. ಒಂದು ಬೆಳೆಯ ಪೂರ್ತಿ ಬಾಕಿ ಕೈಸೇರುವ ಹೊತ್ತಿಗೆ ಗಿಡ ಮತ್ತೆ ಹೂಬಿಟ್ಟು ಹಣ್ಣಾಗಿರುತ್ತಿತ್ತು. ಹೀಗಿರುವಾಗ ಅಟ್ಟದ ಡಬ್ಬದಲ್ಲಿದ್ದ ಬೀಜಕ್ಕೆ ಬೆಲೆ ಕಟ್ಟುವುದು ಹೇಗೆ? ನೆಂಟರಿಗೆ ಕುಡಿಸಬಹುದು, ನೆರೆಯವರಿಗೆ ಮಾರುವಂತಿಲ್ಲ. ಮಾರಲಾಗದ್ದು ಪುಕ್ಕಟೆಯಂತೆಯೇ ಕಾಣುತ್ತದೆ.

ಮನೆಗೆ ಉಳಿಯುತ್ತಿದ್ದದ್ದು ಎಂಥ ಕಾಫಿ ಎಂಬುದನ್ನೂ ಹೇಳಬೇಕು. ಒಳ್ಳೆಯ ಹಣ್ಣು ಪಲ್ಪರ್‌ಗೆ ಹೋಗಿ, ತೊಳೆದು, ಕಣದಲ್ಲಿ ಒಣಗಿ ಪಾರ್ಚ್‌ಮೆಂಟ್ ಆಗಿ ಮೂಟೆ ಸೇರುತ್ತಿತ್ತು. ನಮಗೆ ಕುಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಹೆಕ್ಕಿದ ನೆಲಕಾಫಿ: ಮಳೆಗೆ ಉದುರಿದ್ದು, ಬಾವಲಿ ಚೀಪಿ ಬಿಸಾಡಿದ್ದು, ಕಪ್ಪಾದದ್ದು, ಒಡೆದದ್ದು. ಅದನ್ನು ಸಿಪ್ಪೆ ಸಮೇತ ಒಣಗಿಸಿ, ಒರಳಿಗೆ ಹಾಕಿ ಕುಟ್ಟಿ, ಮೊರದಲ್ಲಿ ಕೇರಿ, ಕಲ್ಲು ಕಡ್ಡಿ ಆರಿಸಬೇಕು. ಆಮೇಲೆ ಹುರಿಯುವ ಕೆಲಸ. ಸೌದೆ ಒಲೆಯ ಮೇಲೆ ದಪ್ಪ ಬಾಣಲೆ, ಕೈ ಬಿಡದೆ ತಿರುವಬೇಕು. ಹೊಗೆ ಕಣ್ಣಿಗೆ ಹೊಡೆದು ಒಂದು ಗಳಿಗೆ ಆಚೆ ತಿರುಗಿದರೆ ತಳದ್ದು ಸೀದು ಮೇಲಿನದು ಹಸಿಯಾಗಿ ಉಳಿಯುತ್ತದೆ. ಚಟಚಟ ಸಿಡಿಯುವುದು ನಿಂತು ಎಣ್ಣೆ ಮಿನುಗತೊಡಗಿದಾಗ ಇಳಿಸಿ ಮೊರಕ್ಕೆ ಸುರಿಯುವುದು. ಮೇಜಿನ ಅಂಚಿಗೆ ಬಿಗಿದ ಕೈಮಿಷನ್ನಿನಲ್ಲಿ ಅರೆಯುವುದು ಮನೆಯ ಹೆಣ್ಣುಮಕ್ಕಳ ಪಾಲು. ಮಧ್ಯಾಹ್ನವೆಲ್ಲ ತಿರುಗಿಸಿದರೂ ಡಬ್ಬ ಅರ್ಧ. ಆ ಪುಡಿಯನ್ನು ಬೆಲ್ಲದ ನೀರಿಗೆ ಹಾಕಿ ಕುದಿಸಿ, ಬಟ್ಟೆಯಲ್ಲಿ ಸೋಸಿ ಕುಡಿದರೆ ರುಚಿಗೇನೂ ಮೋಸವಿರಲಿಲ್ಲ ಅನ್ನಿ. ಆದರೂ ದೇಶಕ್ಕೆಲ್ಲ ಕಾಫಿ ಕಳಿಸಿದ ಮನೆಗಳು ತಾವು ಕುಡಿದದ್ದು ಅದರ ಕಸವನ್ನು ಎಂಬುದು ನನಗೆ ಕೊನೆವರೆಗೂ ಅರಗಲಿಲ್ಲ.

ಈ ಕೆಲಸದಲ್ಲಿ ಕೂಲಿ ಎಂಬ ಕಾಲಂ ಇರಲೇ ಇಲ್ಲ. ತೋಟದಲ್ಲಿ ಹಣ್ಣು ಕುಯ್ದವರಿಗೆ ಲೆಕ್ಕವಿತ್ತು. ಘಟ್ಟದ ಕೆಳಗಿನಿಂದ ಚಾರ್ಮಾಡಿ ಹತ್ತಿ ಬಂದು ತೋಟದ ಲೈನ್‌ಮನೆಗಳಲ್ಲಿ ಉಳಿದವರಿಗೆ ಇಷ್ಟು ಕೂಲಿ, ಇಷ್ಟು ಅಕ್ಕಿ ಎಂದು ಮೇಸ್ತ್ರಿ ಚೆಕ್‌ರೋಲಿನಲ್ಲಿ ಬರೆಯುತ್ತಿದ್ದ. ಒಲೆ ಮುಂದೆ ಕೂತವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಸೌದೆಯೂ ಹಾಗೇ. ನೆರಳಿನ ಮರದ ಕೊಂಬೆ ಕಡಿಯಲೇಬೇಕು, ಕಡಿದದ್ದು ಉರಿಯಲಿ ಎಂಬ ಲೆಕ್ಕ. ಕಡೂರಿನಲ್ಲಿ ಸೌದೆಯನ್ನು ತೂಗಿ ಕೊಳ್ಳುತ್ತಿದ್ದ ನಮಗೆ ಈ ಮನೆಯ ಹಂಡೆ ಒಲೆ ಹಗಲಿಡೀ ಉರಿಯುವುದೇ ದೊಡ್ಡ ದುಂದು ಅನ್ನಿಸುತ್ತಿತ್ತು.

1990ರ ದಶಕದಲ್ಲಿ ಲೆಕ್ಕವೇ ತಿರುವುಮುರುವಾಯಿತು. 1992ರಲ್ಲಿ ಬೆಳೆಯ ಶೇ 30ರಷ್ಟನ್ನು ಬೆಳೆಗಾರರೇ ದೇಶದೊಳಗೆ ಮಾರಬಹುದು ಎಂದಾಯಿತು. 1996ರ ಹೊತ್ತಿಗೆ ಪೂಲ್ ಮುಗಿದೇಹೋಯಿತು. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿಯ ಗಿಡಗಳು ಸುಟ್ಟವು, ಇಲ್ಲಿ ಬೆಲೆ ಏರಿತು. ವ್ಯಾಪಾರಿಗಳು ಜೀಪಿನಲ್ಲಿ ಅಂಗಳಕ್ಕೇ ಬಂದರು. ನೆಲಕಾಫಿಯನ್ನೂ ಕೇಳಿದರು! ಅಟ್ಟದ ಡಬ್ಬಕ್ಕೆ ಮೊದಲ ಸಲ ಬೆಲೆ ಬಂತು. ಮಾವ ಆ ವರ್ಷ ಎರಡು ಮೂಟೆ ಹೆಚ್ಚು ಮಾರಿ, ಮನೆಗೆ ಚಿಕರಿ ಬೆರೆಸಿದ ಪುಡಿ ತಂದರು. ಅತ್ತೆ ಆ ಪೊಟ್ಟಣವನ್ನು ಎಷ್ಟೋ ದಿನ ಮುಟ್ಟಲಿಲ್ಲ.

ಲೆಕ್ಕದ ಪ್ರಕಾರ ಮಾವ ಮಾಡಿದ್ದು ಸರಿ. 50 ಕೆಜಿ ರೊಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿದ ಹಣ್ಣು, ಕುಟ್ಟಿದರೆ ಸುಮಾರು 26 ಕೆಜಿ ಬೀಜ ಸಿಗುತ್ತದೆ; ನಮ್ಮವರು ಇದಕ್ಕೆ ಔಟ್‌ಟರ್ನ್ ಎನ್ನುತ್ತಾರೆ. ಹುರಿದಾಗ ಆರರಲ್ಲೊಂದು ಪಾಲು ಹೊಗೆಯಾಗಿ ಹೋಗಿ ಇಪ್ಪತ್ತೊಂದೂವರೆ ಕೆಜಿ ಪುಡಿ ಉಳಿಯುತ್ತದೆ. ಈಚಿನ ವರ್ಷಗಳಲ್ಲಿ 50 ಕೆಜಿಯ ಚೆರ್ರಿ ಮೂಟೆ 10,000 ರೂಪಾಯಿ ದಾಟಿದಾಗ, ಸೌದೆ, ಕೂಲಿ, ಮಿಲ್ಲಿನ ಬಾಡಿಗೆ ಬಿಟ್ಟೇ ಮನೆಪುಡಿ ಕೆಜಿಗೆ 460 ರೂಪಾಯಿಗೂ ಮೇಲಾಯಿತು. ಚಿಕರಿ ಬೆರೆಸಿದ ಪುಡಿಯಲ್ಲಿ ಶೇ 51ರಷ್ಟು ಕಾಫಿ ಇದ್ದರೆ ಕಾನೂನಿಗೆ ಸಾಕು, ಚಿಕರಿ ಕಾಫಿಗಿಂತ ಅಗ್ಗ. ಹಾಗಾಗಿ ಅಂಗಡಿಯವನ ಜೊತೆ ಪೈಪೋಟಿ ಮಾಡಿ ಗೆಲ್ಲುವುದು ಕಷ್ಟ. ಆದರೆ 2001ರ ಸುಮಾರಿಗೆ ಬೆಲೆ ಕುಸಿದು, ಕುಯ್ದ ಕೂಲಿಯೂ ಹುಟ್ಟದಿದ್ದಾಗ, ಇದೇ ಮನೆಪುಡಿ ಬಿಟ್ಟಿ ಎನ್ನಿಸಿತ್ತು. ಆ ವರ್ಷ ಅತ್ತೆಯದು ಮೇಲುಗೈ.

ಅಕ್ಕಿಯ ಕಥೆ ಇದಕ್ಕಿಂತ ಬೇಗ ಮುಗಿಯಿತು. ಕಡುಬಿಗೂ ರೊಟ್ಟಿಗೂ ನಮ್ಮದೇ ಗದ್ದೆಯ ಅಕ್ಕಿ ಎಂಬ ಗರ್ವ ನಾಟಿಗೆ ಆಳು ಸಿಗುವವರೆಗೆ ಮಾತ್ರ. 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾಗಿ ಕಾರ್ಡಿನವರಿಗೆ ಕೆಜಿ ಅಕ್ಕಿ ಒಂದು ರೂಪಾಯಿಗೆ ಸಿಕ್ಕಿತು. ಬಡವರ ಒಲೆಗೆ ಅದು ದೊಡ್ಡ ಆಸರೆ, ಅದನ್ನು ಆಡಿಕೊಳ್ಳುವವರ ಜೊತೆ ನಾನಿಲ್ಲ. ನಮ್ಮಂಥ ಮನೆಯವರು ಗದ್ದೆ ಪಾಳು ಬಿಟ್ಟಿದ್ದಕ್ಕೆ ಕಾರಣ ಬೇರೆ: ಉತ್ತು ಬೆಳೆದ ಅಕ್ಕಿ ಮೂಡಿಗೆರೆ ಅಂಗಡಿಯ ಅಕ್ಕಿಗಿಂತ ದುಬಾರಿಯಾಗಿತ್ತು. ಅಡುಗೆ ಮಾತ್ರ ಇವತ್ತಿಗೂ ಮನೆಯಲ್ಲೇ ಅಗ್ಗ. ಕೊಟ್ಟಿಗೆಹಾರದ ಹೋಟೆಲಿನಲ್ಲಿ ಇಬ್ಬರು ನೀರುದೋಸೆ ತಿನ್ನುವ ದುಡ್ಡಿಗೆ ಇಲ್ಲಿ ಮನೆಮಂದಿಗೆಲ್ಲ ದೋಸೆ ಹುಯ್ಯಬಹುದು, ರುಬ್ಬಿದವಳಿಗೆ ಏನೂ ಕೊಡಬೇಕಿಲ್ಲ ಎಂದಾದರೆ.

ಈಗ ನಮ್ಮ ಮನೆಯ ಮೇಲಿನ ಎರಡು ಕೋಣೆ ಹೋಂಸ್ಟೇ. ಬೆಂಗಳೂರಿನಿಂದ ಬಂದವರು ಹೋಗುವಾಗ ಮನೆಪುಡಿ ಕೇಳುತ್ತಾರೆ. ನನ್ನ ಸೊಸೆ ನೆಲಕಾಫಿ ಮುಟ್ಟುವುದಿಲ್ಲ, ಕಣದಿಂದ ಒಳ್ಳೆಯದನ್ನೇ ಆರಿಸಿ ಹುರಿದು ಪೊಟ್ಟಣ ಕಟ್ಟುತ್ತಾಳೆ. ಬೆಲೆ ಎಷ್ಟು ಬರೆಯಲಿ ಅತ್ತೆ ಎಂದು ಕೇಳಿದಳು. ಬೀಜದ್ದು, ಗ್ಯಾಸಿನದು ಹಾಕಿದ ಮೇಲೆ ನಿನ್ನ ಕೂಲಿಯನ್ನೂ ಹಾಕು, ತೋಟದಲ್ಲಿ ದಿನಕ್ಕೆ ಎಷ್ಟು ಕೊಡುತ್ತೇವೋ ಅಷ್ಟೇ ಹಾಕು ಎಂದೆ. ಹಾಕಿದ್ದಾಳೆ. ಕೊಳ್ಳುವವರು ಚೌಕಾಸಿ ಮಾಡಿದರೆ ಬಗ್ಗುವುದೂ ಇಲ್ಲ.