ಅನುವಾದವಾಗದ ವಲಯ

ಅನುವಾದವಾಗದ ವಲಯವು ಸಂದೇಶವಾಹಕ ಆರ್‌ಎನ್‌ಎಯಲ್ಲಿದ್ದೂ ಪ್ರೋಟೀನಾಗಿ ಅನುವಾದಗೊಳ್ಳದ ಭಾಗವಾಗಿದೆ. ಇದನ್ನು ಯುಟಿಆರ್ ಎಂದೂ ಕರೆಯುತ್ತಾರೆ. ಯಾವ ಪ್ರೋಟೀನು ತಯಾರಾಗಬೇಕೆಂಬುದನ್ನು ಸಂಕೇತ ವಲಯವು ಸೂಚಿಸುತ್ತದೆ; ಅದು ಯಾವಾಗ, ಎಷ್ಟು ಪ್ರಮಾಣದಲ್ಲಿ ತಯಾರಾಗಬೇಕೆಂಬುದನ್ನು ನಿಯಂತ್ರಿಸುವಲ್ಲಿ ಅನುವಾದವಾಗದ ವಲಯಗಳ ಪಾತ್ರ ಹಿರಿದು.

ರಚನೆ ಮತ್ತು ಕಾರ್ಯ

ಸಂಕೇತ ವಲಯಕ್ಕಿಂತ ಮೊದಲು ಬರುವ ಭಾಗವನ್ನು 5′ ಯುಟಿಆರ್ ಎಂದೂ, ಅನಂತರ ಬರುವ ಭಾಗವನ್ನು 3′ ಯುಟಿಆರ್ ಎಂದೂ ಗುರುತಿಸಲಾಗುತ್ತದೆ. ಸಸ್ಯ ಮತ್ತು ಪ್ರಾಣಿಗಳಲ್ಲಿ ರೈಬೋಸೋಮಿನ ಕಿರಿಯ ಘಟಕವು ಸಾಮಾನ್ಯವಾಗಿ 5′ ತುದಿಯಲ್ಲಿ ಸೇರಿಕೊಂಡು, ಆರಂಭ ಸಂಕೇತ ಸಿಗುವವರೆಗೆ ಮುಂದೆ ಸಾಗುತ್ತದೆ. ಈ ದಾರಿಯಲ್ಲಿ ಆರ್‌ಎನ್‌ಎ ಬಿಗಿಯಾಗಿ ಮಡಿಚಿಕೊಂಡಿದ್ದರೆ ಅನುವಾದವು ಕುಂಠಿತವಾಗುತ್ತದೆ. 3′ ಯುಟಿಆರ್ ಮುಖ್ಯವಾಗಿ ಆರ್‌ಎನ್‌ಎಯ ಆಯುಷ್ಯದ ಮೇಲೆ ಪ್ರಭಾವ ಬೀರುತ್ತದೆ. ಮೈಕ್ರೋ ಆರ್‌ಎನ್‌ಎಗಳು ಹೆಚ್ಚಾಗಿ ಇಲ್ಲಿಯೇ ಅಂಟಿಕೊಂಡು ಪ್ರೋಟೀನು ತಯಾರಿಕೆಯನ್ನು ತಗ್ಗಿಸುತ್ತವೆ. 1993ರಲ್ಲಿ ಒಂದು ಸಣ್ಣ ದುಂಡುಹುಳುವಿನಲ್ಲಿ ಇದನ್ನು ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ಕಬ್ಬಿಣದ ಸಮತೋಲನ

ಫೆರಿಟಿನ್ ಎಂಬ ಪ್ರೋಟೀನು ಜೀವಕೋಶದಲ್ಲಿ ಕಬ್ಬಿಣವನ್ನು ಸಂಗ್ರಹಿಸಿಡುತ್ತದೆ. ಟ್ರಾನ್ಸ್‌ಫೆರಿನ್ ಗ್ರಾಹಕವು ರಕ್ತದಿಂದ ಕಬ್ಬಿಣವನ್ನು ಒಳತರುತ್ತದೆ. ಫೆರಿಟಿನ್ ಆರ್‌ಎನ್‌ಎಯ 5′ ಯುಟಿಆರ್‌ನಲ್ಲಿಯೂ ಗ್ರಾಹಕದ ಆರ್‌ಎನ್‌ಎಯ 3′ ಯುಟಿಆರ್‌ನಲ್ಲಿಯೂ ಒಂದೇ ಬಗೆಯ ಕುಣಿಕೆಯಾಕಾರದ ರಚನೆಗಳಿವೆ. ಕಬ್ಬಿಣ ಕಡಿಮೆಯಾದಾಗ ನಿಯಂತ್ರಕ ಪ್ರೋಟೀನುಗಳು ಈ ಕುಣಿಕೆಗಳಿಗೆ ಅಂಟಿಕೊಳ್ಳುತ್ತವೆ. ಆಗ ಫೆರಿಟಿನ್ ಅನುವಾದಕ್ಕೆ ತಡೆಯುಂಟಾಗುತ್ತದೆ. ಗ್ರಾಹಕದ ಆರ್‌ಎನ್‌ಎಯಾದರೋ ನಾಶವಾಗದೆ ಉಳಿದು ಹೆಚ್ಚು ಗ್ರಾಹಕಗಳು ತಯಾರಾಗುತ್ತವೆ. ಕಬ್ಬಿಣ ಹೆಚ್ಚಾದಾಗ ಇದಕ್ಕೆ ವಿರುದ್ಧವಾದ ಕ್ರಿಯೆ ನಡೆಯುತ್ತದೆ. ಹೀಗೆ ಕುಣಿಕೆ ಇರುವ ಸ್ಥಾನವೇ ಪರಿಣಾಮವನ್ನು ನಿರ್ಧರಿಸುತ್ತದೆ.

ವೈದ್ಯಕೀಯ ಮಹತ್ವ

ಫೆರಿಟಿನ್‌ನ ಹಗುರ ಸರಪಳಿಯ ವಂಶವಾಹಿಯಲ್ಲಿ, ಈ ಕುಣಿಕೆಗೆ ಸಂಬಂಧಿಸಿದ ಒಂದೇ ಅಕ್ಷರ ಬದಲಾದರೂ ತಡೆಯು ಸಡಿಲವಾಗಬಹುದು. ಪ್ರೋಟೀನಿನ ರಚನೆಯಲ್ಲಿ ದೋಷವಿಲ್ಲದಿದ್ದರೂ ಅದು ಮಿತಿಮೀರಿ ತಯಾರಾಗುತ್ತದೆ. ಇದರಿಂದ ಎಳೆಯ ವಯಸ್ಸಿನಲ್ಲಿಯೇ ಕಣ್ಣಿನ ಪೊರೆ ಬರುವ ಆನುವಂಶಿಕ ರೋಗವನ್ನು 1995ರಲ್ಲಿ ವರದಿ ಮಾಡಲಾಯಿತು. ಇಂತಹವರ ರಕ್ತದಲ್ಲಿ ಫೆರಿಟಿನ್ ಹೆಚ್ಚಿದ್ದರೂ ದೇಹದಲ್ಲಿ ಕಬ್ಬಿಣ ಹೆಚ್ಚಿರುವುದಿಲ್ಲ. ಕಬ್ಬಿಣ ಅತಿಯಾಗಿದೆಯೆಂದು ತಪ್ಪಾಗಿ ಭಾವಿಸಿ ಚಿಕಿತ್ಸೆಯಾಗಿ ರಕ್ತ ತೆಗೆದರೆ ರೋಗಿಗೆ ರಕ್ತಹೀನತೆ ಉಂಟಾಗುತ್ತದೆ. ಆದುದರಿಂದ ಸರಿಯಾದ ರೋಗನಿರ್ಣಯಕ್ಕೆ ಅನುವಾದವಾಗದ ವಲಯದ ಪರೀಕ್ಷೆಯೂ ಅಗತ್ಯವಾಗುತ್ತದೆ.

ಕೋವಿಡ್-19ರ ಆರ್‌ಎನ್‌ಎ ಲಸಿಕೆಗಳಲ್ಲಿಯೂ ಪ್ರೋಟೀನು ಸಾಕಷ್ಟು ತಯಾರಾಗುವಂತೆ ಈ ವಲಯಗಳನ್ನು ಆಯ್ದು ಜೋಡಿಸಲಾಗಿದೆ. ಫೈಜರ್-ಬಯೋಎನ್‌ಟೆಕ್ ಲಸಿಕೆಯ 5′ ಯುಟಿಆರ್ ಮಾನವನ ಆಲ್ಫಾ ಗ್ಲೋಬಿನ್ ವಂಶವಾಹಿಯನ್ನು ಆಧರಿಸಿದೆ.